ಇ ತಂತಿಯ ಬೆನ್ನು ಹತ್ತಿ

ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಬೆಳಗಿನ ಹೊತ್ತು ಕುದುರೆಗಳು ಓಡುವಾಗ ಬೇಲಿಯ ಹೊರಗೆ ನಿಂತವರಿಗೆ ಆ ಓಟ ಮೊದಲು ಗೊತ್ತಾಗುವುದು ಅಂಗಾಲಿಗೆ. ನೆಲ ಮೆಲ್ಲಗೆ ಅದುರುತ್ತದೆ, ಆಮೇಲೆ ಗೊರಸಿನ ಸಪ್ಪಳ ಕಿವಿಗೆ ಬರುತ್ತದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ಇದು. ತಗ್ಗಿದ ಸದ್ದನ್ನು ಕಾಲಿನಿಂದ ಕೇಳುವುದು ಇಲ್ಲಿನ ಮಕ್ಕಳಿಗೆ ಹೊಸದಲ್ಲ. ನನ್ನ ಅಕ್ಕನ ಮಗ ಇದೇ ಊರಲ್ಲಿ ಬೆಳೆದು, ರಸಮಂಜರಿ ತಂಡವೊಂದರಲ್ಲಿ ಬೇಸ್ ಗಿಟಾರ್ ಹಿಡಿದಿದ್ದು ನನಗೇನೂ ಆಶ್ಚರ್ಯವಲ್ಲ. ಆಶ್ಚರ್ಯವೆಲ್ಲ ಆಮೇಲೆ ಬಂತು, ಅವನ ಕಾಂಬೊ ಪೆಟ್ಟಿಗೆಯ ಜೊತೆ ನಾನೂ ತುಮಕೂರಿಗೆ ಹೊರಟಾಗ.

ಕಾಂಬೊ ಅಂದರೆ ಆಂಪ್ಲಿಫೈಯರೂ ಸ್ಪೀಕರೂ ಒಂದೇ ಮರದ ಪೆಟ್ಟಿಗೆಯಲ್ಲಿ ಇರುವ ಸಾಮಾನು. ಅವನದು 100 ವಾಟಿನದು, ಒಳಗೆ 12 ಇಂಚಿನ ಒಂದು ಸ್ಪೀಕರ್. ಮೇಲಿನ ಮೂರು ತಂತಿಗಳು ಚೆನ್ನಾಗಿ ನುಡಿಯುತ್ತಿದ್ದವು. ಎಲ್ಲಕ್ಕಿಂತ ದಪ್ಪನೆಯ ಇ ತಂತಿಯನ್ನು ಸ್ವಲ್ಪ ಜೋರಾಗಿ ಮೀಟಿದರೆ ಸ್ವರವೇ ಇಲ್ಲ, ಬರೀ ‘ಫಟ್’ ಅನ್ನುವ ಹೊಡೆತ. ನವೆಂಬರ್ ತಿಂಗಳು, ರಾಜ್ಯೋತ್ಸವದ ಕಾರ್ಯಕ್ರಮಗಳು ಬೀದಿಬೀದಿಯಲ್ಲಿ ನಡೆಯುವ ಕಾಲ. ಗುಬ್ಬಿಯಲ್ಲಿ ಒಂದು ಕಾರ್ಯಕ್ರಮ ಒಪ್ಪಿಕೊಂಡಿದ್ದರು. ಅದಕ್ಕೆ ಮುಂಚೆ ತುಮಕೂರಿನಲ್ಲಿ ಸ್ಪೀಕರ್ ಬದಲಾಯಿಸಿಕೊಂಡು ನೇರ ಗುಬ್ಬಿಗೆ ಹೋಗುವುದೆಂದು ಮಾತಾಯಿತು.

ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಗೆ ಲಗೇಜ್ ಟಿಕೆಟ್ ಹರಿದು, ಹಿಂದಿನ ಸೀಟಿನ ಪಕ್ಕ ಇಟ್ಟುಕೊಳ್ಳಲು ಹೇಳಿದರು. ಡ್ರೈವರು ಎಂಜಿನ್ ಚಾಲೂ ಮಾಡಿ ಚಹಾ ಕುಡಿಯಲು ಇಳಿದಿದ್ದರು. ಕಿಟಕಿಯ ಗಾಜು, ಸೀಟಿನ ಕಂಬಿ, ನಮ್ಮ ಹಲ್ಲು, ಎಲ್ಲ ಸಣ್ಣಗೆ ನಡುಗುತ್ತಿದ್ದವು. ಹುಡುಗ ಕಂಬಿಗೆ ಬೆರಳು ಒತ್ತಿ, “ಮಾವ, ಇದು ಬಿ ತಂತಿ” ಎಂದ. ನಾನು ನಕ್ಕೆ. ಅವನು ಲೆಕ್ಕ ಹೇಳಿದ. ನಿಂತಲ್ಲೇ ಓಡುವ ಬಸ್ಸಿನ ಎಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 600 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 10. ಆರು ಸಿಲಿಂಡರಿನ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಮೂರು ಸಿಲಿಂಡರ್ ಉರಿಯುತ್ತವೆ. ಸೆಕೆಂಡಿಗೆ 30 ಬಡಿತ. ಐದು ತಂತಿಯ ಬೇಸ್ ಗಿಟಾರಿನ ಕೆಳಗಿನ ಬಿ ತಂತಿ ಸೆಕೆಂಡಿಗೆ 31 ಸಲದ ಹತ್ತಿರ ಕಂಪಿಸುತ್ತದೆ. ಇಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೆ, ಪ್ರತಿ ನಿಲ್ದಾಣದಲ್ಲೂ ಒಂದು ಮಂದ್ರ ಸ್ವರದ ಮೇಲೆ ಕೂತಿದ್ದೆ ಎಂದು ಯಾರೂ ಹೇಳಿರಲಿಲ್ಲ. ಆ ಸ್ವರದ ಒಂದು ಅಲೆ ಗಾಳಿಯಲ್ಲಿ 11 ಮೀಟರ್ ಉದ್ದ ಇರುತ್ತದೆ. ನಾವು ಕೂತಿದ್ದ ಬಸ್ಸೂ ಸರಿಸುಮಾರು ಅಷ್ಟೇ ಉದ್ದ.

ಹೆಬ್ಬೂರಿನ ತನಕ ನಾನು ಹೊರಗೆ ನೋಡುತ್ತಲೇ ಇದ್ದೆ. ತೆಂಗಿನ ತೋಟ, ನಡುವೆ ಅಡಿಕೆ, ಕೆನ್ನೆಲದಲ್ಲಿ ತೆನೆ ಬಾಗಿದ ರಾಗಿ ಹೊಲ. ಒಂದು ಊರಿನ ದೇವಸ್ಥಾನದ ಗೋಪುರಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನಿಂದ ಹಾಡು ಬರುತ್ತಿತ್ತು. ಬಸ್ಸು ದೂರ ಬಂದರೂ ಪಲ್ಲವಿ ಸ್ಪಷ್ಟವಾಗಿತ್ತು. ಆ ಬಾಯಗಲದ ತಗಡಿನ ಹಾರ್ನ್ ಮಾತನ್ನು ಮೈಲಿಗಟ್ಟಲೆ ಒಯ್ಯುತ್ತದೆ, ಆದರೆ ಸೆಕೆಂಡಿಗೆ ಕೆಲವು ನೂರು ಕಂಪನಗಳಿಗಿಂತ ಕೆಳಗಿನದನ್ನು ಹೊರಗೆ ಬಿಡುವುದೇ ಇಲ್ಲ. ನಮ್ಮ ಕಾಲದವರು ಮದುವೆ ಚಪ್ಪರದಲ್ಲಿ, ಜಾತ್ರೆಯಲ್ಲಿ, ತೆಂಗಿನ ಮರದ ಮೇಲಿನ ಹಾರ್ನಿನಲ್ಲಿ ಸಿನಿಮಾ ಹಾಡು ಕೇಳಿ ಬೆಳೆದವರು. 1981ರ ‘ಗೀತಾ’ ಚಿತ್ರದ ಹಾಡುಗಳು ನನಗೆ ಬಾಯಿಪಾಠ. ಅವುಗಳ ಕೆಳಗೆ ಇಳಯರಾಜ ಅವರು ಬೇಸ್ ಗಿಟಾರಿಗೆ ಕೊಟ್ಟ ಬೇರೆಯದೇ ಒಂದು ನಡೆ ಇದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಈ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದಾಗ. ಹಾಡಿನ ಅರ್ಧ ಭಾಗ ನಮ್ಮ ಊರಿಗೆ ಬಂದೇ ಇರಲಿಲ್ಲ!

ತುಮಕೂರಿನಲ್ಲಿ ಇಳಿದು ಆಟೋ ಹಿಡಿದು ಮಂಡಿಪೇಟೆಯ ಕಡೆ ಹೋದೆವು. ಕೊಬ್ಬರಿ, ಬೆಲ್ಲ, ಹಗ್ಗದ ವಾಸನೆಯ ಬೀದಿಗಳನ್ನು ದಾಟಿ ಒಂದು ಸಂದು. ಅಲ್ಲಿ ಶಾಮಿಯಾನದವರು, ಮೈಕ್‌ಸೆಟ್‌ನವರು ತಂದಿಟ್ಟ ಪೆಟ್ಟಿಗೆಗಳು ಬಾಗಿಲ ತನಕ ತುಂಬಿದ್ದ ಅಂಗಡಿ. ಒಳಗೆ ಹಿರಿಯರೊಬ್ಬರು, ಎಲ್ಲರೂ ಭಾಯ್ ಎಂದೇ ಕರೆಯುತ್ತಾರೆ, ಸುಟ್ಟ ಕಾಯಿಲನ್ನು ಬಿಚ್ಚಿ ಹೊಸ ತಂತಿ ಸುತ್ತುತ್ತಿದ್ದರು. ತಲೆಯೆತ್ತದೆ, “ಕೂತ್ಕೊಳಿ ಸಾರ್, ಇದೊಂದು ಸುತ್ತು ಮುಗೀಲಿ” ಎಂದರು. ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ತಾಮ್ರದ ತಂತಿ, ಒಂದರ ಪಕ್ಕ ಒಂದು, ಸಂದಿಲ್ಲದೆ ಕೂರುತ್ತಿತ್ತು. ನಾನು ಉಸಿರು ಬಿಗಿಹಿಡಿದು ನೋಡಿದೆ.

ನಮ್ಮ ಕಾಂಬೊದ ಹಳೆಯ ಸ್ಪೀಕರ್ ಹೊರಬಂದಾಗ ಭಾಯ್ ಅದರ ಕಾಗದದ ಬಟ್ಟಲನ್ನು, ಅಂದರೆ ಕೋನನ್ನು, ಎರಡೂ ಕೈಯ ಬೆರಳುಗಳಿಂದ ಸಮವಾಗಿ ಒಳಗೆ ಒತ್ತಿ ಬಿಟ್ಟರು. ಕರಕರ ಸದ್ದು ಬಂತು. “ಕಾಯಿಲ್ ಉಜ್ತಾ ಐತೆ” ಎಂದು ನನ್ನ ಕೈಗೆ ಕೊಟ್ಟರು. ನಾನೂ ಒತ್ತಿ ನೋಡಿದೆ, ಕಾಗದದ ಮೂಲಕ ಆ ಒರಟು ಬೆರಳಿಗೆ ತಾಗಿತು. ಆಮೇಲೆ ಅವರು ಕೋನನ್ನು ಅಂಚಿನಲ್ಲಿ ಕುಯ್ದು ಒಳಗಿನದನ್ನು ಬಿಚ್ಚಿ ತೋರಿಸಿದರು. ಹಿಂದೆ ಭಾರದ ಅಯಸ್ಕಾಂತ. ಅದರ ನಡುವೆ ಉಂಗುರದಾಕಾರದ ಒಂದು ಸಂದು, ಉಗುರು ತೂರುವುದೂ ಕಷ್ಟ. ಆ ಸಂದಿನೊಳಗೆ ಎಲ್ಲಿಗೂ ತಾಗದೆ ತೇಲಬೇಕಾದ ತಾಮ್ರದ ಕಾಯಿಲ್. ಅದನ್ನು ನಡುಮಧ್ಯದಲ್ಲಿ ಹಿಡಿದಿರುವುದು ನಿರಿಗೆ ನಿರಿಗೆಯ ಬಟ್ಟೆಯ ಒಂದು ಬಿಲ್ಲೆ, ಸ್ಪೈಡರ್ ಎನ್ನುತ್ತಾರೆ. ವಿದ್ಯುತ್ತು ಬಂದರೆ ಕಾಯಿಲ್ ಮುಂದಕ್ಕೆ, ತಿರುಗಿದರೆ ಹಿಂದಕ್ಕೆ. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರುಗಳು ಇಂಥ ಸ್ಪೀಕರಿನ ವಿವರ ಪ್ರಕಟಿಸಿದ್ದು 1925ರಲ್ಲಿ. ನೂರು ವರ್ಷದಲ್ಲಿ ಅಂಟು ಬದಲಾಗಿದೆ, ಅಯಸ್ಕಾಂತ ಬದಲಾಗಿದೆ. ಕಾಗದ, ತಾಮ್ರ, ಸಂದು ಹಾಗೆಯೇ ಇವೆ. ಲತಾ, ಪಿ.ಬಿ. ಶ್ರೀನಿವಾಸ್, ಶಹನಾಯಿ, ಸಿನಿಮಾದ ಸಿಡಿಲು, ಎಲ್ಲವೂ ಈ ಕಾಗದ ಹಿಂದೆ ಮುಂದೆ ಆಡಿದ್ದರಿಂದಲೇ ನಮ್ಮ ಕಿವಿಗೆ ಬಂದದ್ದು. ಅದನ್ನು ಮೊದಲ ಸಲ ಬಿಚ್ಚಿ ನೋಡಿದ ಯಾರಿಗಾದರೂ ಮೈ ಜುಮ್ಮೆನ್ನಲೇಬೇಕು.

ಇ ತಂತಿಗೆ ಮಾತ್ರ ಯಾಕೆ ಈ ಗತಿ? ಹುಡುಗನಿಗೆ ಗೊತ್ತಿತ್ತು, ಆದರೂ ಭಾಯ್ ಬಾಯಿಂದ ಕೇಳಬೇಕೆಂದು ಸುಮ್ಮನಿದ್ದ. ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಜೋರು ಕೇಳಿಸಲು ಕೋನ್ ನಾಲ್ಕು ಪಟ್ಟು ದೂರ ಆಡಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರು ಪಟ್ಟು. ಹಳೆಯ ಸ್ಪೀಕರಿನ ಕಾಯಿಲ್‌ಗೆ ಎರಡು ಮಿಲಿಮೀಟರಿಗಿಂತ ಹೆಚ್ಚು ಆಡಲು ಜಾಗವಿರಲಿಲ್ಲ. ಅದು ಹಿಂದಿನ ಕಬ್ಬಿಣದ ತಟ್ಟೆಗೆ ಹೋಗಿ ಬಡಿಯುತ್ತಿತ್ತು. ಅದೇ ಆ ‘ಫಟ್’. ಇನ್ನೊಂದು ಕಡೆ ನಮ್ಮ ಕಿವಿಯೂ ತಗ್ಗಿನ ಸ್ವರಕ್ಕೆ ಜಿಪುಣ. ಸೆಕೆಂಡಿಗೆ 1000 ಕಂಪನದ ಸದ್ದು ಕೇಳಿಸಲು ಸಾಕಾಗುವ ಶಕ್ತಿಯ ಹತ್ತಿರ ಹತ್ತಿರ ಒಂದು ಲಕ್ಷ ಪಟ್ಟು ಶಕ್ತಿ 40 ಕಂಪನದ ಸದ್ದು ಬರೀ ಕಿವಿಗೆ ಬೀಳಲು ಬೇಕು. ಈ ಅಂಕಿಯನ್ನು ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಭಾಯ್ ಬಳಿ ಎರಡು ಹೊಸ ಸ್ಪೀಕರ್ ಇದ್ದವು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದು. ಒಂದರ ಅಯಸ್ಕಾಂತ ಎತ್ತಲು ಎರಡು ಕೈ ಬೇಕಿತ್ತು. ನನ್ನ ಕಣ್ಣು ಅದರ ಮೇಲೆಯೇ. ಭಾಯ್ ಅದನ್ನು ಪಕ್ಕಕ್ಕೆ ಸರಿಸಿ ಟೇಪು ತೆಗೆದು ಪೆಟ್ಟಿಗೆಯ ಒಳ ಅಳತೆ ಹಿಡಿದರು: ಎತ್ತರ 45 ಸೆಂಟಿಮೀಟರ್, ಅಗಲ 42, ಆಳ 28. ಒಳಗಿನ ಸಾಮಾನು ಕಳೆದರೆ 50 ಲೀಟರ್ ಗಾಳಿ, ಅಂಗಡಿಗೆ ಬರುವ ನೀರಿನ ಕ್ಯಾನುಗಳ ಲೆಕ್ಕದಲ್ಲಿ ಎರಡೂವರೆ ಕ್ಯಾನ್. “ಪೆಟ್ಟಿಗೆ ಎಷ್ಟು ಕೇಳ್ತದೋ ಅಷ್ಟೇ ಕೊಡ್ಬೇಕು ಸಾರ್” ಎಂದರು.

ದಪ್ಪ ಅಯಸ್ಕಾಂತ ಕೋನನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿತ ಮಿತಿಮೀರಿದರೆ ಇಷ್ಟು ಗಾಳಿಯ ಪೆಟ್ಟಿಗೆಯಲ್ಲಿ ನಡುವಿನ ಸ್ವರಗಳು ಮೇಲೆದ್ದು ತಗ್ಗಿನವು ಸೊರಗುತ್ತವೆ. ಹೆಚ್ಚು ಕಾಸು ಕೊಟ್ಟು ದೊಡ್ಡ ಸ್ಪೀಕರ್ ಹಾಕಿಸಿ, ಬೇಸ್ ಮೊದಲಿಗಿಂತ ಕಡಿಮೆಯಾಯಿತಲ್ಲ ಎಂದು ವಾಪಸು ಬರುವವರು ಬಹಳ ಜನರಂತೆ. ಯಾವ ಸ್ಪೀಕರಿಗೆ ಯಾವ ಪೆಟ್ಟಿಗೆ ಎಂಬುದನ್ನು ಊಹೆಯಿಂದ ಬಿಡಿಸಿ ಲೆಕ್ಕಕ್ಕೆ ತಂದವರು ಆಸ್ಟ್ರೇಲಿಯಾದ ನೆವಿಲ್ ತೀಲ್. ಅವರ ಲೇಖನ ಬಂದದ್ದು 1961ರಲ್ಲಿ. ಹತ್ತು ವರ್ಷ ಹೊರಗಿನವರು ಅದರ ಕಡೆ ಹೆಚ್ಚು ಗಮನ ಕೊಡಲಿಲ್ಲ. 1971ರಲ್ಲಿ ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಮರುಮುದ್ರಿಸಿತು. ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿ ಬೆಳೆಸಿದರು. ಇವತ್ತು ಬಹಳಷ್ಟು ಸ್ಪೀಕರುಗಳ ಡಬ್ಬದಲ್ಲಿ ಇವರಿಬ್ಬರ ಹೆಸರಿನ ಅಂಕಿಗಳ ಚೀಟಿ ಇರುತ್ತದೆ. ಮಂಡಿಪೇಟೆಯ ಸಂದಿನಲ್ಲಿ ಆ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಓದುತ್ತಿದ್ದ ಭಾಯ್ ಅವರನ್ನು ತೀಲ್ ನೋಡಬೇಕಿತ್ತು.

ಆರಿಸಿದ್ದು ಎರಡನೆಯದನ್ನು. ಅದೂ 12 ಇಂಚು, 8 ಓಮ್. ಕಾಯಿಲ್ ಐದು ಮಿಲಿಮೀಟರ್ ಆಡಬಲ್ಲದು. ಆಂಪ್ಲಿಫೈಯರಿನ ಬೆನ್ನಿನ ಮೇಲೆ 8 ಓಮಿಗಿಂತ ಕಡಿಮೆ ಕೂಡದೆಂದು ಬರೆದಿತ್ತು, ಆದ್ದರಿಂದ 4 ಓಮಿನ ಮಾತೇ ಇಲ್ಲ. ಹಾಕಿದರೆ ಸ್ವಲ್ಪ ಹೊತ್ತು ಜೋರಾಗಿ ನುಡಿದು ಒಳಗಿನ ಟ್ರಾನ್ಸಿಸ್ಟರ್ ಸುಡುತ್ತದೆ. ಭಾಯ್ ಮೀಟರ್ ಇಟ್ಟರು, 6.2 ತೋರಿಸಿತು. ನಾನು ಗಾಬರಿಯಾದೆ. “ಎಂಟಿನ ಸ್ಪೀಕರು ಮೀಟರಲ್ಲಿ ಆರೇ ತೋರ್ಸೋದು ಸಾರ್, ಎಂಟು ಅಂತ ತೋರ್ಸಿದ್ರೆ ಅನುಮಾನ ಪಡ್ಬೇಕು” ಎಂದು ನಕ್ಕರು. ಹಳೆಯದು ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 92 ಡೆಸಿಬೆಲ್ ನುಡಿಯುತ್ತಿತ್ತು, ಇದು 95. ಬರೀ ಮೂರು ಅಂತ ಕಂಡರೂ ಆ ಮೂರು ಡೆಸಿಬೆಲ್ ಆಂಪ್ಲಿಫೈಯರನ್ನು 100ರಿಂದ 200 ವಾಟಿಗೆ ಏರಿಸಿದ್ದಕ್ಕೆ ಸಮ. ಆಂಪ್ಲಿಫೈಯರನ್ನು ಮುಟ್ಟಲೇ ಇಲ್ಲ! ಇದರ ಬೆನ್ನಿಗೇ ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಇಷ್ಟು ಒಳ್ಳೆಯ ಸ್ಪೀಕರ್ ಕೂಡ 100 ವಾಟಿನಲ್ಲಿ ಸದ್ದು ಮಾಡುವುದು 2 ವಾಟನ್ನು ಮಾತ್ರ. ಉಳಿದ 98 ಬಿಸಿಯಾಗಿ ಹೋಗುತ್ತದೆ. ಒಂದು ಮೈದಾನದ ಜನರ ಎದೆ ನಡುಗಿಸಲು ಆ 2 ವಾಟ್ ಸಾಕು.

ಸ್ಪೀಕರ್ ತನ್ನಷ್ಟಕ್ಕೆ ಯಾವ ಸ್ವರಕ್ಕೆ ಒಲಿಯುತ್ತದೆ ಎಂದು ನೋಡಲು ಭಾಯ್ ಮೊಬೈಲಿನಿಂದ ಒಂದು ಸ್ವರ ಕೊಟ್ಟು, ನಡುವೆ ಒಂದು ರೆಸಿಸ್ಟರ್ ಜೋಡಿಸಿ, ಮೀಟರಿನ ಮುಳ್ಳು ಎಲ್ಲಿ ಎಲ್ಲಕ್ಕಿಂತ ಮೇಲೇರುತ್ತದೆಂದು ಹುಡುಕಿದರು. ಸೆಕೆಂಡಿಗೆ 52 ಕಂಪನದಲ್ಲಿ ಏರಿತು. ಹಳೆಯದು 75ರ ಮೇಲಿತ್ತಂತೆ. ಹೊಸದರ ಕೋನ್ ತೂಕ ಹೆಚ್ಚು, ಆದ್ದರಿಂದ ಒಲಿಯುವ ಸ್ವರ ಕೆಳಗೆ. ಮೃದಂಗದ ಎಡಗಡೆಯ ಮುಚ್ಚಿಗೆಗೆ ರವೆ ಕಲಸಿ ಮೆತ್ತಿ ಸ್ವರ ಇಳಿಸುವುದನ್ನು ಪ್ರತಿ ಕಛೇರಿಯಲ್ಲೂ ನೋಡಿದ್ದೇವೆ, ಅದೇ ನಿಯಮ. ಬಲಗಡೆಯ ಕರಣೆಯ ಗುಟ್ಟನ್ನು ಸಿ.ವಿ. ರಾಮನ್ 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಆ ಕಪ್ಪು ಲೇಪ ಚರ್ಮದ ಮೇಲ್ಸ್ವರಗಳನ್ನು ಒಂದಕ್ಕೊಂದು ಶ್ರುತಿಯಲ್ಲಿ ಕೂರಿಸುತ್ತದೆ. ಯಾವ ಭಾರ ಎಲ್ಲಿ ಕೂರಬೇಕೆಂಬುದನ್ನು ನಮ್ಮ ಮದ್ದಳೆ ಮೃದಂಗ ಮಾಡುವವರ ಬೆರಳು ಎಷ್ಟು ಹಿಂದೆಯೇ ಅರಿತಿತ್ತು!

ಪೆಟ್ಟಿಗೆಯ ಮುಂದಿನ ಗುಂಡನೆಯ ರಂಧ್ರ ಯಾಕೆಂದು ಕೇಳಿದೆ. ನಾನು ಅದನ್ನು ಬಿಸಿ ಹೋಗಲು ಬಿಟ್ಟ ಕಿಂಡಿ ಎಂದುಕೊಂಡಿದ್ದೆ. ಘಟದ ಬಾಯಿಯನ್ನು ಹೊಟ್ಟೆಗೆ ಒತ್ತಿದಾಗ ಒಂದು ನಾದ, ತೆರೆದಾಗ ಗುಮ್ಮೆನ್ನುವ ಇನ್ನೊಂದು ನಾದ ಬರುತ್ತದಲ್ಲ, ಈ ರಂಧ್ರದ ಕೆಲಸವೂ ಅದೇ. ಒಳಗಿನ ಗಾಳಿಯ ರಾಶಿಯೂ ಕೊಳವೆಯೊಳಗಿನ ಗಾಳಿಯೂ ಕೂಡಿ ಒಂದು ಸ್ವರಕ್ಕೆ ನುಡಿಯುತ್ತವೆ. ಕೋನಿಗೆ ದಣಿವಾಗುವ ತಗ್ಗಿನಲ್ಲಿ ಕೊಳವೆ ಭಾರ ಹೊರುತ್ತದೆ. ಆ ಹೊತ್ತಿನಲ್ಲಿ ಕೋನ್ ಹೆಚ್ಚು ಅಲುಗುವುದೇ ಇಲ್ಲ, ಸದ್ದೆಲ್ಲ ರಂಧ್ರದಿಂದ. ಸ್ಪೀಕರ್ ಕೂರಿಸಿಯಾದ ಮೇಲೆ ಭಾಯ್ ಆ ಸ್ವರ ಕೊಟ್ಟು ನನ್ನ ಕೈ ಹಿಡಿದು ರಂಧ್ರದ ಮುಂದೆ ಇಟ್ಟರು. ಗಾಳಿ ಬೆರಳುಗಳ ನಡುವೆ ಹೊಕ್ಕು ಹೊರಟಿತು. ಸ್ಪೀಕರ್ ನೋಡಿದರೆ ನಿಂತ ಹಾಗೇ ಇತ್ತು. ಇಂಥದ್ದನ್ನು ಓದಿದರೆ ನಂಬಿಕೆ ಬರುವುದಿಲ್ಲ, ಕೈ ಇಟ್ಟೇ ನೋಡಬೇಕು.

ಕೂರಿಸುವ ಮುಂಚೆ ಒಂದೂವರೆ ವೋಲ್ಟಿನ ಸೆಲ್ ತಾಗಿಸಿದರು. ಕೋನ್ ಮುಂದಕ್ಕೆ ಹಾರಿತು, ಪ್ಲಸ್ ಯಾವುದೆಂದು ಗೊತ್ತಾಯಿತು. ಅಂಚಿಗೆ ಹೊಸ ಫೋಮ್ ಪಟ್ಟಿ ಅಂಟಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಆಮೇಲೆ ಊದುಬತ್ತಿ ಹಚ್ಚಿ ಪೆಟ್ಟಿಗೆಯ ಮೂಲೆ ಮೂಲೆಗೂ ಹಿಡಿದರು. ಗಾಳಿ ಸೋರುವ ಕಡೆ ಹೊಗೆ ನಡುಗುತ್ತದೆ. ಹಿಂದಿನ ಹಲಗೆಯ ಒಂದು ಮೂಲೆಯಲ್ಲಿ ನಡುಗಿತು. ಅಲ್ಲಿಗೆ ಮರದ ಅಂಟು ತುಂಬಿದರು. ಇದಕ್ಕೆಲ್ಲ ಮೊದಲೇ, ಹೊಸ ಸ್ಪೀಕರಿನ ಬಟ್ಟೆ ಸಡಿಲಾಗಲಿ ಎಂದು ತಗ್ಗಿದ ಸ್ವರವೊಂದನ್ನು ಮೆಲ್ಲಗೆ ಓಡಲು ಬಿಟ್ಟು, “ಹೋಗಿ ತಟ್ಟೆ ಇಡ್ಲಿ ತಿಂದ್ಕೊಂಡು ಬನ್ನಿ” ಎಂದು ನಮ್ಮನ್ನು ಕಳಿಸಿದ್ದರು. ತುಮಕೂರಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗುವವರುಂಟೆ? ವಾಪಸು ಬಂದಾಗ 52 ಇದ್ದದ್ದು 48ಕ್ಕೆ ಇಳಿದಿತ್ತು.

ಗುಬ್ಬಿಗೆ ತಂಡದ ಟೆಂಪೊದಲ್ಲಿ ಹೊರಟೆವು. ಬಿ.ಎಚ್. ರಸ್ತೆ, ಹೆಗ್ಗೆರೆ, ಮಲ್ಲಸಂದ್ರ. ನನಗೆ ಗುಬ್ಬಿ ಎಂದರೆ ಬೇರೆಯೇ ಭಕ್ತಿ. ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ಇದೇ ಪುಟ್ಟ ಊರಲ್ಲಿ. ಮೈಕೂ ಇಲ್ಲ, ಸ್ಪೀಕರೂ ಇಲ್ಲ. ರೈಸ್, ಕೆಲ್ಲಾಗ್ ಇನ್ನೂ ನಲವತ್ತು ವರ್ಷ ದೂರ. ಕಂಪನಿ ನಟರು ಹಿಂದಿನ ಸಾಲಿನ ನೆಲದ ಗಿರಾಕಿಗೂ ಕೇಳುವ ಹಾಗೆ ಎತ್ತರದ ಶ್ರುತಿಯಲ್ಲಿ ಹಾಡಬೇಕಿತ್ತು. ಕಿವಿ ಒಲಿಯುವ ಎತ್ತರ ಅದು, ಅಲ್ಲಿ ಕಡಿಮೆ ಶಕ್ತಿಗೆ ಹೆಚ್ಚು ದೂರ. ಆ ಕಂಪನಿಯ ಗುಬ್ಬಿ ವೀರಣ್ಣನವರು ‘ಸದಾರಮೆ’ ನಾಟಕದ ಕಳ್ಳನಾಗಿ ನಾಡನ್ನೆಲ್ಲ ನಗಿಸಿದ್ದು ಬರೀ ಗಂಟಲಿನಿಂದ. 1934ರ ‘ಕುರುಕ್ಷೇತ್ರ’ದಲ್ಲಿ ಅವರು ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆ ನಾಟಕ ನೋಡಿದವರಿಗೆ ಆನೆ ಹೆಜ್ಜೆ ಇಟ್ಟಾಗ ರಂಗದ ಹಲಗೆ ಎದ್ದು ಕೊಟ್ಟ ಗುಮ್ಮನ್ನು ನೆನೆಸಿಕೊಳ್ಳುತ್ತೇನೆ. ಗಂಟಲಿಗೆ ಎಟುಕದ ಮಂದ್ರವನ್ನು ವೀರಣ್ಣನವರು ಆನೆಯ ಕಾಲಿನಿಂದ ನುಡಿಸಿದರು ಎಂದೇ ನನ್ನ ಭಾವನೆ.

ಕಾರ್ಯಕ್ರಮ ಬಯಲಿನಲ್ಲಿ. ಬಯಲು ಬೇಸ್ ಸ್ವರಕ್ಕೆ ಕಷ್ಟದ ಜಾಗ, ಗೋಡೆಯಿಂದ ತಿರುಗಿ ಬರುವ ಸಹಾಯವಿಲ್ಲ. ದೂರ ದುಪ್ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಹುಡುಗ ಕಾಂಬೊವನ್ನು ಸ್ಟ್ಯಾಂಡಿನ ಮೇಲಿಂದ ತೆಗೆದು ವೇದಿಕೆಯ ಪಕ್ಕದ ನೆಲಕ್ಕೇ ಇಟ್ಟ. ನೆಲ ಸದ್ದನ್ನು ಮೇಲಕ್ಕೆ ತಳ್ಳಿಕೊಡುತ್ತದೆ. ಮೈಕ್‌ಸೆಟ್‌ನವರು ಅದರ ಮುಂದೆ ಒಂದು ಮೈಕ್ ನಿಲ್ಲಿಸಿದರು. ಅವನು ಇ ತಂತಿಯನ್ನು ಒಮ್ಮೆ ಮೀಟಿದ.

ನಾನು ಇಪ್ಪತ್ತು ಹೆಜ್ಜೆ ಹಿಂದಿದ್ದೆ. ಸ್ವರ ಕಿವಿಗೆ ಬಂದದ್ದಕ್ಕಿಂತ ಹೆಚ್ಚಾಗಿ ಪಕ್ಕೆಲುಬಿಗೆ ಬಂತು. ತುಂಬಿದ, ದುಂಡನೆಯ, ಅಂಚು ಒಡೆಯದ ಸ್ವರ. ಕುರ್ಚಿ ಹಾಕುತ್ತಿದ್ದ ಹುಡುಗರು ತಿರುಗಿ ನೋಡಿದರು. ಆಮೇಲೆ ಅವನು ಹೇಳಿದ್ದು ಇನ್ನೂ ಬೆರಗು. ಇಷ್ಟು ಚಿಕ್ಕ ಪೆಟ್ಟಿಗೆ 41ನ್ನು ಪೂರ್ತಿ ಕೊಡಲಾರದಂತೆ. 82, 123, 164ರ ಮೇಲ್ಸ್ವರಗಳನ್ನು ಶುದ್ಧವಾಗಿ ಕೊಡುತ್ತದೆ. ಅವುಗಳ ನಡುವಿನ ಅಂತರವನ್ನು ಹಿಡಿದು ಮಿದುಳು ತಾನೇ 41ನ್ನು ಕಟ್ಟಿಕೊಳ್ಳುತ್ತದೆ. ಹಾಗಾದರೆ ನಾನು ಕೇಳಿದ ಮಂದ್ರದಲ್ಲಿ ಒಂದು ಪಾಲು ಭಾಯ್ ಕಟ್ಟಿದ್ದು, ಒಂದು ಪಾಲು ನನ್ನ ತಲೆಯೇ ಕಟ್ಟಿದ್ದು!

ರಸಮಂಜರಿಗೆ ಮುಂಚೆ ಜನಪದ ಮೇಳದವರ ಸರದಿ. ತಮಟೆ, ಅರೆ, ಉರುಮೆ. ಉರುಮೆಯ ಚರ್ಮದ ಮೇಲೆ ಬಾಗಿದ ಕೋಲನ್ನು ಉಜ್ಜಿದರೆ ಬರುವ ಆ ನರಳುವ ನಾದವನ್ನು ಹತ್ತಿರದಿಂದ ಕೇಳಿದವರಿಗೇ ಗೊತ್ತು. ಉರುಮೆಯ ಹಿರಿಯರು ಇಳಿದು ಬಂದವರು ನೇರ ಕಾಂಬೊದ ಹತ್ತಿರ ಬಂದು ಜಾಲರಿಯ ಮೇಲೆ ಅಂಗೈ ಇಟ್ಟರು.

“ಏನಪ್ಪಾ, ಇದ್ರೊಳಗೂ ಚರ್ಮ ಐತಾ?”

“ಇಲ್ಲ ತಾತ, ಕಾಗದ.”

“ಕಾಗದ ಇಂಗೆ ಗುಂಯ್ಗುಡ್ತದಾ? ಇನ್ನೊಂದ್ಸಲ ಹೊಡಿ.”

ಹುಡುಗ ಮೀಟಿದ. ಅವರು ಉರುಮೆ ಉಜ್ಜಿದರು. ಎರಡೂ ಹೊಂದಲಿಲ್ಲ, ನಡುವೆ ಗಾಳಿ ಅಲೆಯಲೆಯಾಗಿ ಹೊಡೆದುಕೊಂಡಿತು. ಹುಡುಗ ಬಿರಡೆ ತಿರುಗಿಸಿ ತಂತಿಯನ್ನು ಸ್ವಲ್ಪ ಏರಿಸಿದ. ಮತ್ತೆ ಉಜ್ಜಿದರು. ಆ ಬಡಿತ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಇಬ್ಬರೂ ಒಟ್ಟಿಗೆ ನುಡಿಸತೊಡಗಿದರು. ಅಜ್ಜ ಉರುಮೆಯನ್ನು ಕಾಂಬೊದ ಮೈಕಿನ ಕಡೆಗೆ ವಾಲಿಸಿದ್ದನ್ನು ಕಂಡು ಮೈಕ್‌ಸೆಟ್ ಹುಡುಗ ಓಡಿಬಂದು, “ಎರಡಕ್ಕೂ ಇದೊಂದೇ ಸಾಕೇನಣ್ಣ?” ಎಂದು ಕೂಗಿದ.

“ಸಾಲದು, ತಾತಂಗೆ ಇನ್ನೊಂದು ತಾ” ಎಂದ ನನ್ನ ಅಕ್ಕನ ಮಗ, ಮೀಟುವುದನ್ನು ನಿಲ್ಲಿಸದೆ.